ಐಡಿಯಾ ಎಲ್ಲರದು, ಸೀನ್ ನಿಮ್ಮದು: ಜಿಗಣಿಯ ಶಿಫ್ಟ್ ಬಸ್ಸಲ್ಲಿ ಕೂತು ಚಿತ್ರಕಥೆ ಬರೆಯುವವರಿಗೆ

(ಪಾಡ್‌ಕಾಸ್ಟ್‌ನ ಲಿಖಿತ ರೂಪ. ಓದಲು ಅನುಕೂಲವಾಗಲೆಂದು ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲಿ ಕೂತಿದ್ದೀರಾ? ಬೊಮ್ಮಸಂದ್ರ–ಜಿಗಣಿ ಲಿಂಕ್ ರೋಡಲ್ಲಿ ಲಾರಿಗಳ ಹಿಂದೆ ಸಿಕ್ಕಿಹಾಕಿಕೊಂಡಿದ್ದರೆ ಇನ್ನೂ ಒಳ್ಳೆಯದು, ಎಪಿಸೋಡ್ ಪೂರ್ತಿ ಕೇಳೋಕೆ ಟೈಮ್ ಸಿಗುತ್ತೆ.

ಇವತ್ತಿನ ವಿಷಯ ಚಿತ್ರಕಥೆ. ಬರೆಯೋದು ಹೇಗೆ ಅನ್ನೋದೊಂದು, ಬರೆದದ್ದನ್ನು ಕಳೆದುಕೊಳ್ಳದೆ ಮಾರೋದು ಹೇಗೆ ಅನ್ನೋದು ಇನ್ನೊಂದು. ಇವೆರಡನ್ನೂ ಬೇರೆ ಬೇರೆ ಪಾಠ ಅಂತ ತುಂಬಾ ಜನ ಅಂದುಕೊಂಡಿರ್ತಾರೆ. ನಾನೂ ಅಂದುಕೊಂಡಿದ್ದೆ. ಹಾಗಲ್ಲ ಅಂತ ಗೊತ್ತಾಗಿದ್ದು ಸ್ವಲ್ಪ ಪೆಟ್ಟು ತಿಂದ ಮೇಲೆ. ಅಲ್ಲಿಂದಲೇ ಶುರು ಮಾಡ್ತೀನಿ.

ಕೆಲವು ವರ್ಷಗಳ ಹಿಂದೆ ನಾನು ಜಿಗಣಿ ಇಂಡಸ್ಟ್ರಿಯಲ್ ಏರಿಯಾದಲ್ಲಿ ಶಿಫ್ಟ್ ಕೆಲಸ ಮಾಡ್ತಿದ್ದೆ. ಆ ಕಡೆ ಇರೋರಿಗೆ ಗೊತ್ತು, ಅಲ್ಲಿ ಗ್ರಾನೈಟ್ ಫ್ಯಾಕ್ಟರಿಗಳು ಸಾಲು ಸಾಲಾಗಿವೆ. ನನ್ನ ರೂಮ್‌ಮೇಟ್ ಅಂಥ ಒಂದು ಕಡೆ ಪಾಲಿಶ್ ಕೆಲಸಕ್ಕಿದ್ದ. ಒಂದು ರಾತ್ರಿ ಊಟ ಮಾಡ್ತಾ, ‘ಫಾರಿನ್‌ಗೆ ಸಮಾಧಿ ಕಲ್ಲು ಹೋಗ್ತಿದೆ ಕಣೋ, ಇವತ್ತು ಪೂರ್ತಿ ಅದನ್ನೇ ಉಜ್ಜಿದೆ’ ಅಂದ. ನನ್ನ ತಲೆಯಲ್ಲಿ ದೀಪ ಹತ್ತಿಕೊಂಡಿತು. ಯಾರೋ ಗೊತ್ತಿಲ್ಲದವರ ಸಮಾಧಿಗೆ ಕಲ್ಲು ಉಜ್ಜೋ ಹುಡುಗ, ಅವನ ಸ್ವಂತ ಅಪ್ಪನಿಗೆ ಊರಲ್ಲಿ ಒಂದು ಕಲ್ಲೂ ಇಲ್ಲ. ಸಿನಿಮಾ ಅಲ್ವಾ ಇದು?

ಎಪಿಸಿ ಸರ್ಕಲ್ ಹತ್ತಿರ ಟೀ ಕುಡೀತಾ, ಗಾಂಧಿನಗರದ ಸಂಪರ್ಕ ಇದೆ ಅಂದವರೊಬ್ಬರಿಗೆ ಈ ಕಥೆ ಹೇಳಿದೆ. ಕೈ ಬಾಯಿ ಆಡಿಸಿ, ಮ್ಯೂಸಿಕ್ ಸಮೇತ, ಮುಕ್ಕಾಲು ಗಂಟೆ. ಅವರ ಕಣ್ಣಲ್ಲಿ ನೀರು ಬಂತು. ‘ಸೂಪರ್ ಗುರು, ಮಾಡೋಣ’ ಅಂದ್ರು. ಆಮೇಲೆ ಫೋನ್ ಎತ್ತಲಿಲ್ಲ. ಒಂದೂವರೆ ವರ್ಷದ ನಂತರ ಮೊಬೈಲಲ್ಲಿ ಒಂದು ಟ್ರೇಲರ್ ಬಂತು: ಕಲ್ಲಿನ ಫ್ಯಾಕ್ಟರಿ, ಸಮಾಧಿ ಕಲ್ಲು, ಒಬ್ಬ ಹುಡುಗ.

ರಾತ್ರಿಯೆಲ್ಲ ನಿದ್ದೆ ಇಲ್ಲ. ಪರಿಚಯದ ವಕೀಲರೊಬ್ಬರ ಹತ್ತಿರ ಓಡಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: ‘ನಿನ್ನ ಕಥೆ ಎಲ್ಲಿದೆ?’

ತಲೆಯಲ್ಲಿ ಇತ್ತು. ಒಂದು ಹಾಳೆ ಇಲ್ಲ, ಒಂದು ಮೇಲ್ ಇಲ್ಲ. ಇನ್ನೂ ಕಷ್ಟದ ಮಾತು ಏನಂದ್ರೆ, ಆಮೇಲೆ ಆ ಸಿನಿಮಾ ನೋಡಿದೆ. ಅದು ನನ್ನ ಕಥೆ ಆಗಿರಲಿಲ್ಲ. ಅವರದು ಥ್ರಿಲ್ಲರ್. ಕಲ್ಲಿನ ಒಳಗೆ ಏನೋ ಬಚ್ಚಿಟ್ಟು ಸಾಗಿಸ್ತಾರೆ. ಅಪ್ಪ ಇಲ್ಲ, ಊರಿಲ್ಲ. ನನ್ನಿಂದ ಹೋಗಿದ್ದು ಫ್ಯಾಕ್ಟರಿ ಮತ್ತು ಸಮಾಧಿ ಕಲ್ಲು, ಅಷ್ಟೇ. ಅದನ್ನು ಕಳ್ಳತನ ಅನ್ನಬೇಕಾ? ನನಗೆ ಇವತ್ತಿಗೂ ಪೂರ್ತಿ ಖಾತ್ರಿ ಇಲ್ಲ. ಆದರೆ ಕಾನೂನಿಗೆ ಈ ಪ್ರಶ್ನೆಗೆ ಉತ್ತರ ಗೊತ್ತಿದೆ. 1978ರಿಂದ ಗೊತ್ತಿದೆ.

ಈಗ ಹೇಳೋ ಕೇಸ್ ಸ್ವಲ್ಪ ಗಮನ ಇಟ್ಟು ಕೇಳಿ. ಆರ್.ಜಿ. ಆನಂದ್ ಅಂತ, ವೃತ್ತಿಯಲ್ಲಿ ಆರ್ಕಿಟೆಕ್ಟ್. ಅದರ ಜೊತೆಗೆ ನಾಟಕಕಾರ. ನಮ್ಮ ನಿಮ್ಮ ಥರಾನೇ ನೋಡಿ, ಹೊಟ್ಟೆಪಾಡು ಒಂದು, ಮನಸ್ಸು ಇನ್ನೊಂದು. 1953ರಲ್ಲಿ ‘ಹಮ್ ಹಿಂದೂಸ್ತಾನಿ’ ಅಂತ ನಾಟಕ ಬರೆದರು. ಮರುವರ್ಷ ದೆಹಲಿಯಲ್ಲಿ ಪ್ರದರ್ಶನವಾಗಿ ಹೆಸರು ಮಾಡಿತು. ಪಂಜಾಬಿ ಮನೆ, ಮದ್ರಾಸಿ ಮನೆ, ಮಕ್ಕಳ ಪ್ರೀತಿ, ‘ಅವರು ನಮ್ಮ ಕಡೆಯವರಲ್ಲ’ ಅನ್ನೋ ಅಪ್ಪಂದಿರು. ನಿರ್ದೇಶಕ ಮೋಹನ್ ಸೆಹಗಲ್ ಅವರಿಗೆ ಆನಂದ್ ಈ ನಾಟಕವನ್ನು ದೆಹಲಿಯಲ್ಲಿ ಎದುರಿಗೇ ಕೂತು ಹೇಳಿದರು. ಅಂದರೆ ನರೇಷನ್ ಕೊಟ್ಟರು. 1956ರಲ್ಲಿ ‘ನ್ಯೂ ಡೆಲ್ಲಿ’ ಸಿನಿಮಾ ಬಂತು. ಕಿಶೋರ್ ಕುಮಾರ್ ಪಂಜಾಬಿ ಹುಡುಗ, ವೈಜಯಂತಿಮಾಲಾ ತಮಿಳು ಹುಡುಗಿ.

ಆನಂದ್ ಕೋರ್ಟಿಗೆ ಹೋದರು. ಕೆಳಗಿನ ಕೋರ್ಟಲ್ಲಿ ಸೋಲು, ಹೈಕೋರ್ಟಲ್ಲಿ ಸೋಲು. 1978ರಲ್ಲಿ, ಸಿನಿಮಾ ಬಂದು 22 ವರ್ಷ ಆದ ಮೇಲೆ, ಸುಪ್ರೀಂ ಕೋರ್ಟಲ್ಲೂ ಸೋಲು. ಕೋರ್ಟ್ ಹೇಳಿದ್ದರ ಸಾರ ಇಷ್ಟು: ಐಡಿಯಾ, ವಸ್ತು, ಕಥಾವಸ್ತುವಿಗೆ ಕಾಪಿರೈಟ್ ಇಲ್ಲ. ಅದನ್ನು ನೀವು ಹೇಗೆ ಬರೆದಿದ್ದೀರಿ, ಹೇಗೆ ಜೋಡಿಸಿದ್ದೀರಿ ಅನ್ನೋದಕ್ಕೆ ಇದೆ. ಎರಡನ್ನೂ ನೋಡಿದ ಸಾಮಾನ್ಯ ಪ್ರೇಕ್ಷಕನಿಗೆ ‘ಇದು ಅದರದೇ ನಕಲು’ ಅಂತ ಸ್ಪಷ್ಟವಾಗಿ ಅನಿಸಬೇಕು. ‘ನ್ಯೂ ಡೆಲ್ಲಿ’ಯಲ್ಲಿ ಪ್ರಾಂತೀಯ ಭೇದದ ಜೊತೆಗೆ ಬೇರೆ ಭಾಷೆಯವರಿಗೆ ಮನೆ ಬಾಡಿಗೆಗೆ ಕೊಡದೇ ಇರೋದು, ವರದಕ್ಷಿಣೆ ಎಲ್ಲ ಬರುತ್ತೆ. ಎರಡಕ್ಕೂ ವ್ಯತ್ಯಾಸ ಜಾಸ್ತಿ ಇದೆ ಅಂತ ಕೋರ್ಟ್ ತೀರ್ಮಾನಿಸಿತು.

ಆನಂದ್ ನಾಟಕ ಬರೆದಿದ್ದರು, ಆದರೂ ಸೋತರು. ಹಾಗಾದ್ರೆ ಬರೆದಿಟ್ಟು ಏನು ಪ್ರಯೋಜನ ಅಂತ ಕೇಳ್ತೀರಿ. ಬರೆದಿದ್ದರಿಂದಲೇ ಅವರ ನಾಟಕವನ್ನು ಸಿನಿಮಾ ಪಕ್ಕ ಇಟ್ಟು ಹೋಲಿಸೋಕಾದ್ರೂ ಆಯ್ತು. ನನ್ನ ಹತ್ತಿರ ಅದೂ ಇರಲಿಲ್ಲ. ಇನ್ನೊಂದು ವಿಷಯ, ‘ಎರಡು ಜಾತಿ, ಒಂದು ಪ್ರೀತಿ’, ‘ಸಮಾಧಿ ಕಲ್ಲು ಉಜ್ಜೋ ಹುಡುಗ’ ಇಂಥವು ಯಾರ ಆಸ್ತಿಯೂ ಅಲ್ಲ. ನಿಮ್ಮ ಕಥೆ ಎಷ್ಟು ಮೇಲ್ಮೇಲಿನದೋ ಅಷ್ಟು ಸುಲಭವಾಗಿ ಕೈ ಜಾರುತ್ತೆ. ವಿವರ, ಪಾತ್ರ, ಸೀನುಗಳ ಜೋಡಣೆ ಎಷ್ಟು ನಿಮ್ಮದೇ ಆಗಿದೆಯೋ ಅಷ್ಟು ಗಟ್ಟಿಯಾಗಿ ಅದು ನಿಮ್ಮ ಹೆಸರಲ್ಲಿ ನಿಲ್ಲುತ್ತೆ. ಚೆನ್ನಾಗಿ ಬರೆಯೋ ಕಸುಬು ಮತ್ತು ಬರೆದದ್ದನ್ನು ಉಳಿಸಿಕೊಳ್ಳೋ ವ್ಯವಹಾರ ಒಂದೇ ಕೆಲಸ ಅಂತ ನಾನು ಹೇಳ್ತಿರೋದು ಈ ಅರ್ಥದಲ್ಲಿ.

ಸರಿ, ಬರೆಯೋದು ಹೇಗೆ?

ನಾನು ಮೊದಲ ಸಲ ಬರೆಯಲು ಕೂತಾಗ ಹೀಗೆ ಬರೆದಿದ್ದೆ: ‘ಮಂಜ ತುಂಬಾ ದುಃಖದಲ್ಲಿದ್ದಾನೆ. ಸಮಾಧಿ ಕಲ್ಲು ನೋಡಿ ಅವನಿಗೆ ತೀರಿಹೋದ ಅಪ್ಪನ ನೆನಪಾಗುತ್ತದೆ. ಬದುಕಿನಲ್ಲಿ ಎಷ್ಟು ಅನ್ಯಾಯ ಎಂದುಕೊಳ್ಳುತ್ತಾನೆ.’ ಕಾದಂಬರಿಗೆ ಇದು ನಡೆಯಬಹುದು. ಆದರೆ ಕ್ಯಾಮೆರಾಮನ್ ಇದನ್ನು ಓದಿದರೆ ಏನು ತೋರಿಸಬೇಕು? ದುಃಖ ಅನ್ನೋದು ಕಾಣಲ್ಲ. ನೆನಪು ಕಾಣಲ್ಲ. ‘ಅಂದುಕೊಳ್ಳುತ್ತಾನೆ’ ಅಂತೂ ಕಾಣೋದೇ ಇಲ್ಲ. ಚಿತ್ರಕಥೆಯಲ್ಲಿ ಇರೋದು ಎರಡೇ, ಕಣ್ಣಿಗೆ ಕಾಣೋದು ಮತ್ತು ಕಿವಿಗೆ ಕೇಳೋದು. ಅದೇ ಸೀನನ್ನು ಆಮೇಲೆ ತಿದ್ದಿ ಬರೆದೆ. ಓದ್ತೀನಿ:

ಒಳಗೆ. ಕಲ್ಲಿನ ಫ್ಯಾಕ್ಟರಿ. ರಾತ್ರಿ.

ಪಾಲಿಶ್ ಮಷಿನ್ ನಿಲ್ಲುತ್ತದೆ. ಮಂಜ ಕಲ್ಲಿನ ಮೇಲಿನ ಬಿಳಿ ನೀರನ್ನು ಅಂಗೈಯಿಂದ ಒರೆಸುತ್ತಾನೆ. ಕರಿಕಲ್ಲಿನಲ್ಲಿ ಅವನ ಮುಖ ಕಾಣುತ್ತದೆ. ಮುಖದ ಮೇಲೆ ಇಂಗ್ಲಿಷಿನಲ್ಲಿ ಕೆತ್ತಿದ ಹೆಸರು, ಎರಡು ಇಸವಿ. ಬೆರಳು ಮಡಚಿ ಏನೋ ಲೆಕ್ಕ ಹಾಕುತ್ತಾನೆ.

ಸೂಪರ್‌ವೈಸರ್: ಏನೋ ಅದು, ಓದ್ತಾ ಕೂತಿದ್ದೀಯ?

ಮಂಜ: ಇವರು ಎಪ್ಪತ್ತೊಂದು ವರ್ಷ ಇದ್ರು ಸಾರ್.

ಸೂಪರ್‌ವೈಸರ್: ಇರ್ಲಿ. ಅದಕ್ಕೇನೀಗ?

ಮಂಜ: ನಮ್ಮಪ್ಪ ನಲವತ್ತೆರಡು.

ಸೂಪರ್‌ವೈಸರ್ ಒಂದು ಕ್ಷಣ ಸುಮ್ಮನಿರುತ್ತಾನೆ. ಹೊರಗೆ ಲಾರಿಯ ಹಾರ್ನ್.

ಸೂಪರ್‌ವೈಸರ್: ಪ್ಯಾಕ್ ಮಾಡು.

ಸೀನ್ ಮುಗಿಯಿತು. ದೊಡ್ಡ ಸಾಹಿತ್ಯ ಅಂತ ನಾನು ಹೇಳಲ್ಲ. ಆದರೆ ‘ದುಃಖ’ ಅನ್ನೋ ಪದ ಎಲ್ಲೂ ಇಲ್ಲ, ಗಮನಿಸಿ. ಮೊದಲ ಸಾಲಲ್ಲಿ ಒಳಗೋ ಹೊರಗೋ, ಯಾವ ಜಾಗ, ಹಗಲೋ ರಾತ್ರಿಯೋ ಅಂತ ಬರೆದಿದೆ. ಅದು ಫ್ಯಾಷನ್‌ಗಲ್ಲ. ಶೂಟಿಂಗ್ ಪ್ಲಾನ್ ಮಾಡೋರು ‘ಫ್ಯಾಕ್ಟರಿ, ರಾತ್ರಿ’ ಅಂತ ಇರೋ ಸೀನುಗಳನ್ನೆಲ್ಲ ಒಟ್ಟುಗೂಡಿಸಿ ಎಷ್ಟು ದಿನ, ಎಷ್ಟು ಲೈಟು, ಎಷ್ಟು ದುಡ್ಡು ಅಂತ ಲೆಕ್ಕ ಹಾಕೋದೇ ಆ ಸಾಲಿನಿಂದ. ಬೆರಳು ಮಡಚಿ ಲೆಕ್ಕ ಹಾಕೋದು, ನಲವತ್ತೆರಡು, ಲಾರಿ ಹಾರ್ನ್, ಇವು ನನ್ನವು. ಇವೇ ಕ್ರಮದಲ್ಲಿ ಇವೇ ಮಾತು ಬೇರೆಯವರ ಸಿನಿಮಾದಲ್ಲಿ ಬಂದರೆ ಆಗ ನಾನು ವಕೀಲರ ಹತ್ತಿರ ಹೋದರೆ ಅರ್ಥ ಇದೆ.

ಒಂದು ಪೇಜ್ ಅಂದ್ರೆ ತೆರೆಯ ಮೇಲೆ ಒಂದು ನಿಮಿಷ ಅನ್ನೋ ಲೆಕ್ಕ ಕೇಳಿರ್ತೀರಿ. ಅದು ಇಂಗ್ಲಿಷ್ ಟೈಪಿಂಗ್ ಅಳತೆಯಿಂದ ಬಂದಿದ್ದು. ಕನ್ನಡದಲ್ಲಿ ಅದನ್ನು ನಂಬಿ ಕೂರಬೇಡಿ. ಸೀನನ್ನು ಗಟ್ಟಿಯಾಗಿ ಓದಿ, ಮೌನಕ್ಕೂ ಟೈಮ್ ಕೊಟ್ಟು, ಫೋನಿನ ಸ್ಟಾಪ್‌ವಾಚಲ್ಲಿ ಅಳೆಯಿರಿ.

ಲ್ಯಾಪ್‌ಟಾಪ್ ಇಲ್ಲ ಅನ್ನೋದು ಇವತ್ತು ನೆಪ ಅಲ್ಲ. ಫೋನಿನ ಕೀಬೋರ್ಡಲ್ಲಿ ಕನ್ನಡ ವಾಯ್ಸ್ ಟೈಪಿಂಗ್ ಇದೆ. ನಾನು ಸಂಭಾಷಣೆಗೆ ಅದನ್ನೇ ಬಳಸೋದು, ಯಾಕಂದ್ರೆ ಕೈಯಲ್ಲಿ ಟೈಪ್ ಮಾಡಿದರೆ ಪಾತ್ರಗಳೆಲ್ಲ ಪಠ್ಯಪುಸ್ತಕದ ಥರ ಮಾತಾಡ್ತವೆ. ಬಾಯಲ್ಲಿ ಹೇಳಿದರೆ ಆನೇಕಲ್ ಕಡೆಯ ಮಾತು ಆನೇಕಲ್ ಥರಾನೇ ಬರುತ್ತೆ. ಹೌದು, ಪಕ್ಕದ ಸೀಟಿನವರು ಒಂಥರಾ ನೋಡ್ತಾರೆ. ‘ನಿನ್ನ ಕೊಂದುಬಿಡ್ತೀನಿ’ ಅನ್ನೋ ಡೈಲಾಗನ್ನು ಮಾತ್ರ ಮನೆಗೆ ಹೋದ ಮೇಲೆ ಹೇಳಿ.

ಏನು ಬರೆಯೋದು ಅಂತ ತಲೆ ಕೆಡಿಸಿಕೊಂಡಿರೋರು ‘ತಿಥಿ’ ಇನ್ನೊಮ್ಮೆ ನೋಡಿ. ರಾಮ್ ರೆಡ್ಡಿ ನಿರ್ದೇಶನ, ಅವರ ಜೊತೆ ಬರೆದವರು ಈರೇಗೌಡ. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ, ನಟನೆ ಗೊತ್ತಿಲ್ಲದ ಹಳ್ಳಿಯ ಜನರನ್ನೇ ಇಟ್ಟುಕೊಂಡು ಮಾಡಿದ ಸಿನಿಮಾ 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗೆದ್ದಿತು. ಒಬ್ಬ ಅಜ್ಜ ಸತ್ತ, ಹನ್ನೊಂದು ದಿನಕ್ಕೆ ತಿಥಿ, ಅಷ್ಟೇ ಐಡಿಯಾ. ಅದನ್ನು ಯಾರು ಬೇಕಾದರೂ ತಗೋಬಹುದು. ಆದರೆ ಗಡ್ಡಪ್ಪನನ್ನು ತಗೊಂಡು ಹೋಗೋಕೆ ಆಗುತ್ತಾ?

ಈಗ ವ್ಯವಹಾರ. ಇಲ್ಲಿ ಕನ್ನಡದ ಒಂದು ವಿಶೇಷ ಪರಿಸ್ಥಿತಿ ಇದೆ. ಟೈಟಲ್ ಕಾರ್ಡಲ್ಲಿ ‘ಕಥೆ, ಚಿತ್ರಕಥೆ, ಸಂಭಾಷಣೆ, ನಿರ್ದೇಶನ’ ಅಂತ ನಾಲ್ಕು ಕೆಲಸಕ್ಕೆ ಒಂದೇ ಹೆಸರು ಬರೋದನ್ನು ಎಷ್ಟು ಸಲ ನೋಡಿದ್ದೀರಿ? ನಮ್ಮಲ್ಲಿ ನಿರ್ದೇಶಕನೇ ಬರಹಗಾರ ಅನ್ನೋ ರೂಢಿ ಬಲವಾಗಿದೆ. ಹಾಗಾಗಿ ಬರಹಗಾರ ಅನ್ನೋ ಪ್ರತ್ಯೇಕ ಕುರ್ಚಿ ಚಿಕ್ಕದು, ಆದರೆ ಇಲ್ಲವೇ ಇಲ್ಲ ಅಂತಲ್ಲ. ‘ಬೆಲ್ ಬಾಟಂ’ನ ಕಥೆ ಟಿ.ಕೆ. ದಯಾನಂದ್ ಅವರದು, ‘ಟಗರು’ವಿನ ಸಂಭಾಷಣೆ ಮಾಸ್ತಿ ಅವರದು. ಪವನ್ ಕುಮಾರ್ ನಿರ್ದೇಶಕರಾಗುವ ಮೊದಲು ಯೋಗರಾಜ್ ಭಟ್ಟರ ‘ಮನಸಾರೆ’, ‘ಪಂಚರಂಗಿ’ಗೆ ಬರೆದವರು.

ಹೆಸರಿನ ವಿಷಯ ಬಂದಿದ್ದಕ್ಕೆ ಒಂದು ಮಾತು. ಜಿಗಣಿಯಿಂದ ಹೆಚ್ಚು ದೂರವಿಲ್ಲದ ರಾಮನಗರದ ಬಂಡೆಗಳಲ್ಲಿ ಚಿತ್ರೀಕರಣವಾದ ‘ಶೋಲೆ’ ಬರೆದ ಸಲೀಂ–ಜಾವೇದ್ ಜೋಡಿ ಕನ್ನಡಕ್ಕೂ ಬರೆದಿದೆ, ಗೊತ್ತಾ? 1976ರಲ್ಲಿ ಬಂದ ರಾಜ್‌ಕುಮಾರ್ ಅವರ ‘ಪ್ರೇಮದ ಕಾಣಿಕೆ’ ಮತ್ತು ‘ರಾಜ ನನ್ನ ರಾಜ’ ಅವರ ಕಥೆಗಳೇ. ಆದರೆ 1973ರಲ್ಲಿ ‘ಜಂಜೀರ್’ ಬಂದಾಗ ಪೋಸ್ಟರ್‌ಗಳ ಮೇಲೆ ಅವರ ಹೆಸರೇ ಇರಲಿಲ್ಲ. ಅವರೇ ಜನರನ್ನಿಟ್ಟು ಬಾಂಬೆಯ ಪೋಸ್ಟರ್‌ಗಳ ಮೇಲೆ ತಮ್ಮ ಹೆಸರು ಬರೆಸಿದರು ಅನ್ನೋದು ಹಿಂದಿ ಚಿತ್ರರಂಗದಲ್ಲಿ ಎಲ್ಲರೂ ಹೇಳುವ ಕಥೆ. ನಿಮಗೆ ಬಣ್ಣದ ಡಬ್ಬಿ ಹಿಡಿಯೋ ಅವಶ್ಯಕತೆ ಇಲ್ಲ. ಹಕ್ಕು ಮಾರಿದ ಮೇಲೂ ‘ಇದನ್ನು ಬರೆದವನು ನಾನು’ ಅಂತ ಹೇಳಿಕೊಳ್ಳೋ ಹಕ್ಕು ಕಾಪಿರೈಟ್ ಕಾಯ್ದೆಯ 57ನೇ ಸೆಕ್ಷನ್ ಪ್ರಕಾರ ನಿಮ್ಮ ಹತ್ತಿರವೇ ಉಳಿಯುತ್ತೆ. ಆದರೂ ಟೈಟಲ್ ಕಾರ್ಡಲ್ಲಿ ಹೆಸರು ಹೇಗೆ ಬರಬೇಕು ಅಂತ ಅಗ್ರಿಮೆಂಟಲ್ಲಿ ಬರೆಸಿಕೊಳ್ಳಿ.

ಬರೆದ ತಕ್ಷಣ ಏನು ಮಾಡಬೇಕು? ಕಾನೂನಿನ ಪ್ರಕಾರ ನೀವು ಬರೆದ ಕ್ಷಣದಿಂದಲೇ ಕಾಪಿರೈಟ್ ನಿಮ್ಮದು, ನೋಂದಣಿ ಕಡ್ಡಾಯ ಅಲ್ಲ. ನೋಂದಣಿ ಅನ್ನೋದು ಸಾಕ್ಷಿ. ಕಾಪಿರೈಟ್ ಆಫೀಸ್ ದೆಹಲಿಯಲ್ಲಿದೆ, ಅರ್ಜಿ ಆನ್‌ಲೈನಲ್ಲಿ ಹಾಕಬಹುದು, ಸಾಹಿತ್ಯ ಕೃತಿಗೆ ಶುಲ್ಕ 500 ರೂಪಾಯಿ. ಆಕ್ಷೇಪಣೆಗೆ ಅಂತ 30 ದಿನ ಕಾಯಿಸ್ತಾರೆ. ಮುಂಬೈನ ಸ್ಕ್ರೀನ್‌ರೈಟರ್ಸ್ ಅಸೋಸಿಯೇಷನ್ ಸದಸ್ಯರಾದರೆ ಅಲ್ಲೂ ಆನ್‌ಲೈನಲ್ಲಿ ಸ್ಕ್ರಿಪ್ಟ್ ರಿಜಿಸ್ಟರ್ ಮಾಡಬಹುದು. ಫಿಲಂ ಚೇಂಬರ್‌ನಲ್ಲಿ ಟೈಟಲ್ ರಿಜಿಸ್ಟರ್ ಮಾಡಿಸಿದೆ, ಕಥೆ ಸೇಫ್ ಅಂತ ಕೆಲವರು ಅಂದುಕೊಳ್ತಾರೆ. ಟೈಟಲ್ ಬೇರೆ, ಕಥೆ ಬೇರೆ. ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಯಲ್ಲಿ ಹೆಸರು ಸಿಕ್ಕ ಮಾತ್ರಕ್ಕೆ ಒಳಗಿನ ಒಂದು ಸೀನಿಗೂ ರಕ್ಷಣೆ ಬರಲ್ಲ.

ನರೇಷನ್ ಕೊಡದೇ ಇರೋಕಾಗಲ್ಲ. ನಮ್ಮ ಇಂಡಸ್ಟ್ರಿ ಕಥೆ ಓದಲ್ಲ, ಕೇಳುತ್ತೆ. ಕೊಡಿ. ಆದರೆ ಹಿಂದಿನ ದಿನವೇ ಸಿನಾಪ್ಸಿಸ್ ಮೇಲ್ ಮಾಡಿ, ಮುಗಿದ ಮೇಲೆ ‘ಇವತ್ತು ಇಷ್ಟು ಗಂಟೆಗೆ ಇಂಥ ಕಡೆ ನನ್ನ ಈ ಕಥೆ ಕೇಳಿದ್ದಕ್ಕೆ ಥ್ಯಾಂಕ್ಸ್ ಸಾರ್’ ಅಂತ ಒಂದು ಮೆಸೇಜ್ ಹಾಕಿ. ವಿನಯವೂ ಆಯ್ತು, ದಾಖಲೆಯೂ ಆಯ್ತು. ನಾನು ಆ ಟೀ ಅಂಗಡಿಯಿಂದ ಇಷ್ಟು ಮಾಡಿದ್ದರೆ ಸಾಕಿತ್ತು.

ಅಗ್ರಿಮೆಂಟ್ ಬಂದಾಗ ಖುಷಿಯಲ್ಲಿ ಕಣ್ಣು ಮುಚ್ಚಿ ಸಹಿ ಹಾಕಬೇಡಿ. ಹಕ್ಕು ವರ್ಗಾವಣೆ ಲಿಖಿತವಾಗಿ, ಸಹಿ ಸಮೇತ ಇರಲೇಬೇಕು. ಬಾಯಿಮಾತಿನ ‘ಕೊಟ್ಟೆ’ ಕಾನೂನಲ್ಲಿ ನಿಲ್ಲಲ್ಲ. 19ನೇ ಸೆಕ್ಷನ್ ಓದಿ, ಬರಹಗಾರನ ಪರವಾದ ಸಾಲುಗಳು ಅದರಲ್ಲಿವೆ. ಎಷ್ಟು ವರ್ಷಕ್ಕೆ ಅಂತ ಬರೆದಿಲ್ಲದಿದ್ದರೆ ಐದು ವರ್ಷ ಅಂತ ಅರ್ಥ. ಎಲ್ಲಿಗೆ ಅಂತ ಬರೆದಿಲ್ಲದಿದ್ದರೆ ಭಾರತಕ್ಕೆ ಮಾತ್ರ. ತಗೊಂಡವರು ಒಂದು ವರ್ಷದೊಳಗೆ ಆ ಹಕ್ಕನ್ನು ಬಳಸದಿದ್ದರೆ, ಅಗ್ರಿಮೆಂಟಲ್ಲಿ ಬೇರೆ ಥರ ಬರೆದಿಲ್ಲದಿದ್ದರೆ, ಅದು ರದ್ದಾದಂತೆ. ‘ಬೇರೆ ಥರ’ ಬರೆದೇ ಇರ್ತಾರೆ! ಎಲ್ಲ ಭಾಷೆ, ಎಲ್ಲ ಮಾಧ್ಯಮ, ಇಡೀ ಜಗತ್ತು, ಶಾಶ್ವತವಾಗಿ ಅಂತ ಒಂದೇ ಸಾಲಲ್ಲಿ ಬರುತ್ತೆ. ಆ ಸಾಲಿನ ಬೆಲೆ ಎಷ್ಟು ಅಂತ ತಿಳಿಬೇಕಾದ್ರೆ ‘ಯು ಟರ್ನ್’ ನೋಡಿ. ಬೆಂಗಳೂರಿನ ಡಬಲ್ ರೋಡ್ ಫ್ಲೈಓವರ್ ಮೇಲೆ ಕಲ್ಲು ಸರಿಸಿ ಅಡ್ಡದಾರಿ ಹಿಡಿಯೋ ಬೈಕ್ ಸವಾರರಿಂದ ಹುಟ್ಟಿದ 2016ರ ಕಥೆ, ಮಲಯಾಳಂ, ತಮಿಳು, ತೆಲುಗು, ಹಿಂದಿಗೆಲ್ಲ ಹೋಯ್ತು. ರಿಮೇಕ್, ಡಬ್ಬಿಂಗ್, ವೆಬ್ ಸಿರೀಸ್ ಹಕ್ಕುಗಳನ್ನು ಬೇರೆ ಬೇರೆ ಸಾಲಲ್ಲಿ, ಬೇರೆ ಬೇರೆ ಮೊತ್ತಕ್ಕೆ ಕೇಳಿ. ಹೊಸಬರಿಗೆ ಎಲ್ಲವೂ ಸಿಗಲ್ಲ. ಒಂದಾದರೂ ಉಳಿಸಿಕೊಳ್ಳಿ.

2012ರ ತಿದ್ದುಪಡಿ ಇನ್ನೊಂದು ಕೊಟ್ಟಿದೆ. ಥಿಯೇಟರ್ ಬಿಟ್ಟು ಬೇರೆ ರೀತಿಯಲ್ಲಿ ಕೃತಿ ಬಳಕೆಯಾದಾಗ ಬರೋ ರಾಯಲ್ಟಿಯಲ್ಲಿ ಬರಹಗಾರನ ಪಾಲನ್ನು ಅವನು ತಾನಾಗಿ ಬರೆದುಕೊಟ್ಟರೂ ಅದು ಹೋಗಲ್ಲ. ಕಾಯ್ದೆಯಲ್ಲಿದೆ, ಕೈಗೆ ಬರೋದು ಇನ್ನೊಂದು ಹೋರಾಟ. ಆದರೂ ಆ ಸಾಲು ನಿಮ್ಮ ಪರ ಇದೆ ಅಂತ ಗೊತ್ತಿರಲಿ.

ದುಡ್ಡನ್ನು ಕಂತಲ್ಲಿ ಕೇಳಿ: ಸಹಿ ಹಾಕಿದಾಗ ಸ್ವಲ್ಪ, ಮೊದಲ ಡ್ರಾಫ್ಟ್‌ಗೆ ಸ್ವಲ್ಪ, ಫೈನಲ್ ಡ್ರಾಫ್ಟ್‌ಗೆ ಸ್ವಲ್ಪ. ‘ಸಿನಿಮಾ ರಿಲೀಸ್ ಆದ ಮೇಲೆ ಒಟ್ಟಿಗೆ ಕೊಡ್ತೀವಿ’ ಅಂದ್ರೆ ರಿಲೀಸೇ ಆಗದ ಸಿನಿಮಾಗಳನ್ನು ನೆನಪಿಸಿಕೊಳ್ಳಿ. ‘ನಿಮ್ಮ ಕಥೆ ಓಕೆ ಆಗಿದೆ, ಪ್ರೊಸೆಸಿಂಗ್‌ಗೆ ಹದಿನೈದು ಸಾವಿರ ಹಾಕಿ’ ಅಂತ ಫೋನ್ ಬಂದರೆ ಕಟ್ ಮಾಡಿ. ಈ ಕೆಲಸದಲ್ಲಿ ದುಡ್ಡು ಬರಹಗಾರನ ಕಡೆಗೆ ಬರಬೇಕು.

ನಿರ್ಮಾಪಕರೇ ಸಿಗದಿದ್ದರೆ? ಪವನ್ ಕುಮಾರ್ ‘ಲೂಸಿಯಾ’ ಸ್ಕ್ರಿಪ್ಟ್ ಹಿಡಿದು ಓಡಾಡಿ, ಕೊನೆಗೆ ಜನರ ಹತ್ತಿರವೇ ಕೇಳಿದರು. 110 ಜನ ಸೇರಿ ಸುಮಾರು 50 ಲಕ್ಷ ಕೊಟ್ಟರು, 2013ರಲ್ಲಿ ಸಿನಿಮಾ ಬಂತು. ಎಲ್ಲರಿಗೂ ಹಾಗಾಗಲ್ಲ. ಆದರೆ ಅವರು ಕೈ ಚಾಚಿದಾಗ ಆ ಕೈಯಲ್ಲಿ ಸ್ಕ್ರಿಪ್ಟ್ ಇತ್ತು ಅನ್ನೋದನ್ನು ನಾನು ಮರೆಯಲ್ಲ.

ಕೊನೆಗೆ, ಎಲೆಕ್ಟ್ರಾನಿಕ್ ಸಿಟಿಯಿಂದ ಕೇಳುಗರೊಬ್ಬರು ಕಳಿಸಿದ ಪ್ರಶ್ನೆ: ‘ನೈಟ್ ಶಿಫ್ಟಲ್ಲಿ ಬಿಡುವಾದಾಗ ಕಂಪನಿ ಲ್ಯಾಪ್‌ಟಾಪಲ್ಲೇ ಸ್ಕ್ರಿಪ್ಟ್ ಬರೀತೀನಿ. ಕಥೆ ಕಂಪನಿಯದಾಗುತ್ತಾ?’

ಒಳ್ಳೆ ಪ್ರಶ್ನೆ. ಕಾಯ್ದೆಯ ಪ್ರಕಾರ ಉದ್ಯೋಗದ ಭಾಗವಾಗಿ ಬರೆದದ್ದು ಮಾಲೀಕರದು. ನಿಮ್ಮ ಕೆಲಸ ಟೆಸ್ಟಿಂಗ್ ಆಗಿದ್ದರೆ ಪ್ರೇಮಕಥೆ ಬರೆಯೋದು ಅದರ ಭಾಗ ಅಲ್ಲ. ಆದರೆ ಕೆಲವು ಆಫರ್ ಲೆಟರ್‌ಗಳಲ್ಲಿ, ಉದ್ಯೋಗದ ಅವಧಿಯಲ್ಲಿ ಸೃಷ್ಟಿಸಿದ್ದೆಲ್ಲ ಅಥವಾ ಕಂಪನಿಯ ಸಾಧನ ಬಳಸಿ ಮಾಡಿದ್ದೆಲ್ಲ ಕಂಪನಿಗೆ ಸೇರಿದ್ದು ಅಂತ ಒಂದು ಕ್ಲಾಸ್ ಇರುತ್ತೆ. ಸಹಿ ಹಾಕಿದ ಆ ಲೆಟರ್ ಹುಡುಕಿ ತೆಗೆದು ಓದಿ. ಜೊತೆಗೆ, ಕೆಲಸ ಬಿಡೋ ದಿನ ಲ್ಯಾಪ್‌ಟಾಪ್ ವಾಪಸ್ ಕೊಡಬೇಕು, ಒಳಗಿರೋ ಸ್ಕ್ರಿಪ್ಟೂ ಅದರ ಜೊತೆ ಹೋಗುತ್ತೆ. ಸ್ವಂತ ಫೋನಲ್ಲಿ, ಸ್ವಂತ ಮೇಲ್ ಐಡಿಯಲ್ಲಿ, ಸ್ವಂತ ಟೈಮಲ್ಲಿ ಬರೆಯಿರಿ. ಶಿಫ್ಟ್ ಬಸ್ಸಲ್ಲಿ ಹೋಗಿ ಬರೋಕೆ ದಿನಕ್ಕೆ ಒಂದೂವರೆ ಗಂಟೆ ಆಗುತ್ತೆ ಅಂತ ನೀವೇ ಬರೆದಿದ್ದೀರಲ್ಲ, ಅದು ಸಾಕು.

ಮಂಜನ ಕಥೆ ಏನಾಯ್ತು ಅಂತ ಕೇಳೋರಿಗೆ: ಪೂರ್ತಿ ಬರೆದಾಯ್ತು, ಈಗ ಮೂರನೇ ಡ್ರಾಫ್ಟ್. 500 ರೂಪಾಯಿ ಕಟ್ಟಿ ಅರ್ಜಿ ಹಾಕಿದ್ದೀನಿ. ಮುಂದಿನ ವಾರ ಸಿಗೋಣ.